ಮೂರನೇ ಪ್ಲೇಟು

ಟಿ. ದಾಸರಹಳ್ಳಿ
3 ಜೂನ್ 2024

ನಾಣಿ,

ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಫೋನು ಮಾಡಿದರೆ ನೀನು ‘ಆಂ? ಆಂ?’ ಎನ್ನುತ್ತೀಯ, ನಾನು ಗಂಟಲು ಹರಿದುಕೊಳ್ಳುತ್ತೇನೆ, ಶರಣಮ್ಮ ಎದ್ದು ಹೋಗಿ ಬಾಗಿಲು ಹಾಕುತ್ತಾಳೆ. ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿ ಹೂಡಿಗೇ ಬಂದುಬಿಡಬಹುದಿತ್ತು. ಆದರೆ ಈ ವಿಷಯವನ್ನು ವತ್ಸಲಾ ಅವರ ಎದುರು, ನಿನ್ನ ಮಗಳು ಅಳಿಯನ ಎದುರು ಕೂಗಿ ಹೇಳಲಾರೆ.

ನನ್ನ ನೆನಪು ಸವೆಯುತ್ತಿದೆ, ನಾಣಿ. ನನಗೆ ಭಯವಾಗಿದೆ.

ನಾನು ವಾರಕ್ಕೆ ಮೂರು ದಿನ ಪೀಣ್ಯದಲ್ಲಿ ಋಷಿಕೇಶ್‌ನ ವರ್ಕ್‌ಶಾಪಿಗೆ ಹೋಗುವುದು ನಿನಗೆ ಗೊತ್ತು. ಅಲ್ಲಿ ಸರ್ಫೇಸ್ ಪ್ಲೇಟುಗಳನ್ನು ಪರೀಕ್ಷಿಸಿ ಸಹಿ ಹಾಕುವವನು ನಾನೇ. ಮುಂದಿನದು ನಿನಗೆ ಹೇಳಬೇಕಾದ್ದಿಲ್ಲ, ಆದರೂ ಬರೆಯುತ್ತೇನೆ. ಬರೆದರೆ ನನಗೇ ಸರಿಯಾಗಿ ನೆನಪಿದೆಯೇ ಎಂದು ತಿಳಿಯುತ್ತದೆ. ಅಳತೆಗೆ ಆಧಾರವಾಗುವ ಕಬ್ಬಿಣದ ಪ್ಲೇಟನ್ನು ಕೂದಲೆಳೆಯ ತಪ್ಪೂ ಇಲ್ಲದಂತೆ ಸಪಾಟು ಮಾಡಬೇಕಾದರೆ ಮೂರು ಪ್ಲೇಟು ಬೇಕು. ಒಂದಕ್ಕೆ ನೀಲಿ ಬಣ್ಣ ಹಚ್ಚಿ ಇನ್ನೊಂದರ ಮೇಲೆ ಉಜ್ಜಿ, ನೀಲಿ ಅಂಟಿದ ಉಬ್ಬುಗಳನ್ನು ಉಳಿಯಿಂದ ಕೆರೆಯಬೇಕು. ಮೊದಲನೆಯದು ಎರಡನೆಯದರ ಜೊತೆ, ಎರಡನೆಯದು ಮೂರನೆಯದರ ಜೊತೆ, ಮೂರನೆಯದು ಮತ್ತೆ ಮೊದಲನೆಯದರ ಜೊತೆ. ಈ ಸರದಿ ತಪ್ಪಬಾರದು.

ಹೋದ ತಿಂಗಳು ಹದಿನಾರನೇ ತಾರೀಖು ಉಳಿ ಹಿಡಿದು ನಿಂತಿದ್ದೇನೆ, ಯಾವ ಜೋಡಿ ಮುಗಿಯಿತು, ಯಾವುದು ಬಾಕಿ ಎಂಬುದು ತಲೆಯಲ್ಲಿಲ್ಲ. ಹೊರಗೆ ಹೋಗಿ ಚಹಾ ಕುಡಿದು ಬಂದೆ. ಆಗಲೂ ಇಲ್ಲ. ಕೊನೆಗೆ ಸೀಮೆಸುಣ್ಣದಿಂದ ಪ್ಲೇಟುಗಳ ಪಕ್ಕಕ್ಕೆ ಒಂದು, ಎರಡು, ಮೂರು ಎಂದು ಗುರುತು ಹಾಕಿಕೊಂಡು ಮೊದಲಿನಿಂದ ಶುರುಮಾಡಿದೆ. ನಲವತ್ತೈದು ವರ್ಷದಲ್ಲಿ ಸರದಿ ತಪ್ಪಿದ್ದು ಇದೇ ಮೊದಲು. ಯಾರೂ ಗಮನಿಸಲಿಲ್ಲ, ಪ್ಲೇಟು ಚೆನ್ನಾಗಿಯೇ ಬಂತು.

ಶರಣಮ್ಮನಿಗೆ ಹೇಳಿದೆ. “ನಿಮಗೆಲ್ಲಿ ಮರೆವು ಬಂದದ? ನಮ್ಮಪ್ಪ ಕೊಟ್ಟ ಕೊಡ ಸೋರತಿತ್ತು ಅನ್ನೋದು ಇನ್ನೂ ಮರೆತಿಲ್ಲ” ಎಂದಳು. ಋಷಿಕೇಶ್ ಅಂತೂ, “ಬಿಡಿ ಸಾರ್, ಕಾರ್ ಎಲ್ಲಿ ಪಾರ್ಕ್ ಮಾಡ್ದೆ ಅಂತ ನನಗೇ ನೆನಪಿರಲ್ಲ” ಎಂದು ನಕ್ಕ. ನಾನೇ ಹೋಗಿ ಯಾಮಿನಿ ಎಂಬ ಡಾಕ್ಟರ್ ಹತ್ತಿರ ಪರೀಕ್ಷೆ ಮಾಡಿಸಿಕೊಂಡೆ. ಗಡಿಯಾರದ ಚಿತ್ರ ಬಿಡಿಸಿದೆ, ನೂರರಿಂದ ಏಳೇಳು ಕಳೆದೆ. ಮೂವತ್ತಕ್ಕೆ ಇಪ್ಪತ್ತೊಂಬತ್ತು ಬಂತು. ಎಲ್ಲ ಸರಿಯಾಗಿದೆಯಂತೆ.

ಸರಿಯಾಗಿಲ್ಲ ಎಂದು ನನಗೆ ಗೊತ್ತು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ನನ್ನ ಕೆಲಸವನ್ನು ನೀನು, ನಿನ್ನ ಕೆಲಸವನ್ನು ನಾನು ಪರೀಕ್ಷಿಸಿದ್ದೇವೆ. ಈಗ ನನ್ನ ತಲೆಯನ್ನು ಪರೀಕ್ಷಿಸು. ನಾನು ಸಹಿ ಹಾಕುತ್ತಾ ಇರಬೇಕೋ ನಿಲ್ಲಿಸಬೇಕೋ ನೀನು ಹೇಳಬೇಕು. ಸಮಾಧಾನದ ಮಾತು ಬೇಡ, ನಿಜ ಹೇಳು.

ಮುರಿಗೆಪ್ಪ

*

ಹೂಡಿ
14 ಜೂನ್ 2024

ಮಾನ್ಯ ಮುರಿಗೆಪ್ಪನವರ ಸನ್ನಿಧಿಗೆ,

ನಿನ್ನ ಕಾಗದ ನೋಡಿ ವತ್ಸಲಾ ಗಾಬರಿಯಾದಳು. ಈ ಕಾಲದಲ್ಲಿ ಕೈಬರಹದ ಕಾಗದ ಬಂದರೆ ಕೋರ್ಟಿನದು ಅಂದುಕೊಳ್ಳುತ್ತಾರಪ್ಪ.

ಎಪ್ಪತ್ತೊಂದನೇ ವಯಸ್ಸಿನಲ್ಲಿ ಮೂವತ್ತಕ್ಕೆ ಇಪ್ಪತ್ತೊಂಬತ್ತು ತೆಗೆದವನು ಅಳುತ್ತಿದ್ದೀಯಲ್ಲ, ನಿನಗೇನು ರ‍್ಯಾಂಕ್ ಬೇಕಿತ್ತೇ? ನಾನು ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತೇನೆ. ಬಚ್ಚಲಿಗೆ ಹೋಗಿ ಯಾಕೆ ಬಂದೆ ಎಂದು ಯೋಚಿಸುತ್ತೇನೆ. ನಮ್ಮ ಅಪಾರ್ಟ್‌ಮೆಂಟಿನ ಬೆಂಚಿನ ಮೇಲೆ ಸಂಜೆ ಕೂರುವ ಏಳು ಜನ ಮುದುಕರಲ್ಲಿ ಒಬ್ಬನಿಗೂ ಇನ್ನೊಬ್ಬನ ಹೆಸರು ಗೊತ್ತಿಲ್ಲ, ಎಲ್ಲರೂ ‘ಸಾರ್’ ಎಂದುಕೊಂಡು ಸುಖವಾಗಿದ್ದೇವೆ. ವಯಸ್ಸಾಯಿತು ಕಣೋ. ಇದಕ್ಕೆಲ್ಲ ತಲೆ ಕೆಡಿಸಿಕೊಂಡರೆ ಇರುವ ತಲೆಯೂ ಕೆಡುತ್ತದೆ.

ಸುಮ್ಮನೆ ಸಹಿ ಹಾಕು. ಮಗಳು ನನ್ನ ಕಿವಿಗೆ ಮಿಷನ್ ಹಾಕಿಸುತ್ತೇನೆಂದು ಮತ್ತೆ ಬೆನ್ನು ಹತ್ತಿದ್ದಾಳೆ. ಬೇಡವೆಂದೆ. ಪ್ರಪಂಚದಲ್ಲಿ ಕೇಳುವಂಥದ್ದು ಅಂಥದ್ದೇನಿದೆ?

ನಾಣಿ

*

ಟಿ. ದಾಸರಹಳ್ಳಿ
25 ಜೂನ್ 2024

ನಾಣಿ,

ನಿನ್ನ ಕಾಗದ ಓದಿ ಶರಣಮ್ಮ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ.

ಎಲ್ಲರೂ ನಕ್ಕ ಮೇಲೆ ನಗದೇ ಇದ್ದವರು ಆ ಡಾಕ್ಟರಮ್ಮ ಒಬ್ಬರೇ. ನನ್ನ ಮಗಳ ವಯಸ್ಸು. ಮೊನ್ನೆ ಮತ್ತೆ ಹೋಗಿ ಕೇಳಿದೆ, “ಮೇಡಂ, ಟೆಸ್ಟಿನಲ್ಲಿ ಸಿಗದ್ದು ನನಗೆ ಹೇಗೆ ಗೊತ್ತಾಗುತ್ತದೆ?” ಎಂದು. ಅವರು ಪೆನ್ನು ಕೆಳಗಿಟ್ಟು ಹೇಳಿದರು: “ಸಾರ್, ಮರೆವು ಜಾಸ್ತಿ ಆಗಿದೆ ಅಂತ ಅನ್ನಿಸಿದವರಿಗೆಲ್ಲ ಕಾಯಿಲೆ ಬರಲ್ಲ. ತುಂಬಾ ಜನ ಹೀಗೇ ಚೆನ್ನಾಗಿರ್ತಾರೆ. ಕೆಲವರಿಗೆ ನಿದ್ದೆ ಸರಿ ಇರಲ್ಲ, ಕೆಲವರಿಗೆ ಮನಸ್ಸಿಗೆ ಬೇಜಾರು, ಕೆಲವರಿಗೆ ಕಿವಿ ಕೇಳಲ್ಲ. ಆದ್ರೆ ಇನ್ನು ಕೆಲವರಿಗೆ ನಮ್ಮ ಟೆಸ್ಟು ಹಿಡಿಯೋಕೆ ಎಷ್ಟೋ ವರ್ಷ ಮುಂಚೆ ಒಳಗಿಂದಾನೇ ಗೊತ್ತಾಗಿರುತ್ತೆ. ಅದಕ್ಕೇ ನಾವು ಪೇಷಂಟ್ ಮಾತನ್ನ ಬರೆದುಕೊಳ್ತೀವಿ. ವರ್ಷಕ್ಕೊಂದ್ಸಲ ಬನ್ನಿ, ನೋಡ್ತಾ ಇರೋಣ.”

ನಾನು ಕುರ್ಚಿಯಲ್ಲೇ ಕೂತುಬಿಟ್ಟೆ. ಹೊರಗಿನವರಿಗೆ ಯಾವ ಗುರುತೂ ಇಲ್ಲ, ಕಾಗದದ ಮೇಲೆ ಇಪ್ಪತ್ತೊಂಬತ್ತು ಇದೆ, ಆದರೂ ಒಳಗೆ ಯಾರೋ ಕೂತುಕೊಂಡು ‘ಇಲ್ಲೊಂದು ತಗ್ಗು ಬಿದ್ದಿದೆ’ ಎನ್ನುತ್ತಾನೆ. ಸವೆಯುತ್ತಿರುವುದೂ ಅದೇ ತಲೆ, ಸವೆದದ್ದನ್ನು ಕಂಡುಹಿಡಿಯುವುದೂ ಅದೇ ತಲೆ. ಇದು ಹೇಗೆ ಸಾಧ್ಯ ನಾಣಿ? ಇಷ್ಟು ವರ್ಷ ನಾವು ಬೆರಳ ತುದಿಯಿಂದ ಕಬ್ಬಿಣ ಸವರಿ ಉಬ್ಬು ತಗ್ಗು ಹೇಳುತ್ತಿದ್ದದ್ದೇ ದೊಡ್ಡದು ಎಂದುಕೊಂಡಿದ್ದೆ. ಬಸ್ಸಿನಲ್ಲಿ ಬರುವಾಗ ಎದುರಿಗೆ ಕೂತವರ ತಲೆಗಳನ್ನೇ ನೋಡುತ್ತಿದ್ದೆ. ಭಯದ ಜೊತೆಗೇ ಒಂಥರ ಕೈ ಮುಗಿಯಬೇಕು ಅನ್ನಿಸಿತು.

ಈಗ ಕೆಲಸದ ಮಾತು. 1986ರಲ್ಲಿ ನಮ್ಮ ಕಾರ್ಖಾನೆಯ ಮಾಸ್ಟರ್ ಪ್ಲೇಟುಗಳನ್ನು ನಾವಿಬ್ಬರೂ ಕೆರೆದು ಮುಗಿಸಿದ ದಿನ ಇದೆಯಲ್ಲ, ಅದನ್ನು ನಾನು ನೆನಪಿನಿಂದ ಬರೆಯುತ್ತೇನೆ. ನೀನೂ ಬರೆ. ಜುಲೈ ಹತ್ತಕ್ಕೆ ಇಬ್ಬರೂ ಪೋಸ್ಟ್ ಮಾಡೋಣ. ನನ್ನ ಕಾಗದಕ್ಕೆ ಕಾಯಬೇಡ. ನನ್ನದು ಎಲ್ಲಿ ನಿನ್ನದಕ್ಕೆ ತಾಳೆಯಾಗುವುದಿಲ್ಲವೋ ಅಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕಳಿಸು. ಅಲ್ಲಿಯವರೆಗೆ ಯಾವ ಪ್ಲೇಟಿಗೂ ಸಹಿ ಹಾಕುವುದಿಲ್ಲ ಎಂದು ಋಷಿಕೇಶ್‌ಗೆ ಹೇಳಿದ್ದೇನೆ.

ಮುರಿಗೆಪ್ಪ

*

ಟಿ. ದಾಸರಹಳ್ಳಿ
10 ಜುಲೈ 2024

ನಾಣಿ,

ಒಪ್ಪಂದದಂತೆ ಬರೆಯುತ್ತಿದ್ದೇನೆ.

ಅದು ಆಯುಧಪೂಜೆಯ ಹಿಂದಿನ ದಿನ. ಶಾಪಿನಲ್ಲಿ ಆಗಲೇ ಯಂತ್ರಗಳನ್ನು ತೊಳೆಯುತ್ತಿದ್ದರು. ನಾಲ್ಕು ತಿಂಗಳು ಕೆರೆದ ಮೂರು ಪ್ಲೇಟುಗಳೂ ಮೇಜಿನ ಮೇಲಿದ್ದವು. ನಾವಿಬ್ಬರೂ ಒಂದನೆಯದರ ಮೇಲೆ ಎರಡನೆಯದನ್ನು ಇಳಿಸಿದೆವು. ಇಬ್ಬರು ಏದುಸಿರು ಬಿಟ್ಟು ಎತ್ತುವ ತೂಕ. ಇಳಿಸಿ ಕೈ ಬಿಟ್ಟೆವು, ನಾನು ಒಂದೇ ಬೆರಳಿಂದ ತಳ್ಳಿದೆ. ನೀರಿನ ಮೇಲೆ ತೇಲಿದ ಹಾಗೆ ಸರಿಯಿತು. ಎರಡರ ನಡುವೆ ಸಿಕ್ಕಿಕೊಂಡ ಗಾಳಿಯೇ ಅದನ್ನು ಹೊತ್ತಿತ್ತು. ನೀನು “ಲೋ ಮಗಾ!” ಎಂದೆ. ನನಗೆ ಮೈಯೆಲ್ಲ ಮುಳ್ಳೆದ್ದಿತು.

ಮುನಿಕೃಷ್ಣಪ್ಪ ಮೇಸ್ತ್ರಿ ಬಂದರು. ಅಂಗೈಯಿಂದ ಸವರಿದರು. “ಸಾಕು, ಇನ್ ಮುಟ್ಬೇಡ್ರೋ” ಎಂದರು. ಮೊದಲ ಸಲಕ್ಕೇ ಪಾಸು. ಅವರ ಬಾಯಲ್ಲಿ ಅಂಥ ಮಾತು ಮತ್ತೆಂದೂ ಕೇಳಲಿಲ್ಲ.

ಇಷ್ಟು ನನ್ನ ನೆನಪು.

ಮುರಿಗೆಪ್ಪ

*

ಹೂಡಿ
10 ಜುಲೈ 2024

ಮುರಿಗೆಪ್ಪ,

ಹತ್ತನೇ ತಾರೀಖಿಗೇ ಬರೆಯುತ್ತಿದ್ದೇನೆ, ನಿನ್ನದಿನ್ನೂ ಬಂದಿಲ್ಲ.

ಆಯುಧಪೂಜೆಗೆ ಒಂದು ದಿನ ಇತ್ತು. ಶಾಪಿನ ತುಂಬ ಚೆಂಡುಹೂವು. ಆ ವಾಸನೆ ಈಗಲೂ ಮೂಗಿನಲ್ಲಿದೆ. ಎರಡನೇ ಪ್ಲೇಟನ್ನು ಒಂದನೆಯದರ ಮೇಲೆ ಇಳಿಸಿದೆವು. ನೀನು ಒಂದು ಬೆರಳಿಂದ ತಳ್ಳಿದೆ, ಅದು ತೇಲಿಕೊಂಡು ಹೋಯಿತು. ನಾನು ದಂಗಾಗಿ ನಿಂತೆ. ಮುನಿಕೃಷ್ಣಪ್ಪ ಬಂದು ಸವರಿ, ಇನ್ನು ಮುಟ್ಟಬೇಡಿ ಎಂದರು. ಮೊದಲ ಸಲಕ್ಕೇ ಪಾಸಾಯಿತು.

ನಿನ್ನದೂ ಹೀಗೇ ಇದ್ದರೆ ನಿನ್ನ ತಲೆಗೆ ಏನೂ ಆಗಿಲ್ಲ ಎಂದು ತಿಳಿದುಕೋ. ಧೈರ್ಯವಾಗಿ ಸಹಿ ಹಾಕು.

ನಾಣಿ

*

ಟಿ. ದಾಸರಹಳ್ಳಿ
20 ಆಗಸ್ಟ್ 2024

ನಾಣಿ,

ಒಂದು ತಿಂಗಳು ಬರೆಯಲಿಲ್ಲ. ಸಿಟ್ಟು ಇಳಿಯಲಿ ಎಂದು ಕಾದೆ. ಪೂರ್ತಿ ಇಳಿದಿಲ್ಲ.

ಇನ್ಸ್‌ಪೆಕ್ಷನ್‌ಗೆ ಹೊಸಬರು ಬಂದಾಗ ಒಳ್ಳೆಯ ಮಾಲಿನ ನಡುವೆ ಕೆಟ್ಟದ್ದೊಂದನ್ನು ಬೇಕೆಂದೇ ಸೇರಿಸಿ ಕಳಿಸುತ್ತಿದ್ದೆವು. ಅವರು ಕಣ್ಣು ಬಿಟ್ಟು ನೋಡುತ್ತಾರೋ, ಸುಮ್ಮನೆ ಮುದ್ರೆ ಒತ್ತುತ್ತಾರೋ ತಿಳಿಯಲಿ ಎಂದು. ನನ್ನ ಕಾಗದದಲ್ಲೂ ಹಾಗೆ ಒಂದನ್ನು ಸೇರಿಸಿದ್ದೆ. ಆಯುಧಪೂಜೆ ಸುಳ್ಳು. ಅದು ಬೇಸಿಗೆ, ಏಪ್ರಿಲ್ ತಿಂಗಳು. ನೀನು ಅದಕ್ಕೆ ಕೆಂಪು ಗೆರೆ ಎಳೆಯುವುದಿರಲಿ, ಚೆಂಡುಹೂವಿನ ವಾಸನೆ ಬೇರೆ ತಂದಿಟ್ಟೆ! ನನ್ನ ಕಾಗದ ಬರುವವರೆಗೆ ಕಾದು, ನೋಡಿಕೊಂಡು ಬರೆದಿದ್ದೀಯ. ನನಗೆ ಸಮಾಧಾನವಾಗಲಿ ಎಂದು ಮಾಡಿದ್ದೀಯ, ಗೊತ್ತು. ಆದರೆ ನಾನು ಕೇಳಿದ್ದು ಸಮಾಧಾನವನ್ನಲ್ಲ. ನನ್ನನ್ನು ನಂಬುವವನು ನೀನೊಬ್ಬ ಉಳಿದಿದ್ದೆ, ನೀನೂ ಮಗುವನ್ನು ರಮಿಸಿದ ಹಾಗೆ ರಮಿಸಿಬಿಟ್ಟೆ. ಬಹಳ ನೋವಾಯಿತು.

ಈಗ ನನ್ನ ಅವಮಾನವನ್ನೂ ಹೇಳಿಬಿಡುತ್ತೇನೆ. ಮೊನ್ನೆ ದಾಸರಹಳ್ಳಿ ಮಾರ್ಕೆಟ್ಟಿನಲ್ಲಿ ಟೂಲ್ ಸ್ಟೋರಿನ ಮರಿಯಮ್ಮ ಸಿಕ್ಕಿದರು. ಬಾಗಲಗುಂಟೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಹೇಗೋ ಮಾತು ಬಂದು, ಮಾಸ್ಟರ್ ಪ್ಲೇಟು ಮೊದಲ ಸಲಕ್ಕೇ ಪಾಸಾದದ್ದನ್ನು ಹೇಳಿಕೊಂಡೆ. ಅವರು ಸೊಪ್ಪು ಆರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

“ಪಾಸಾ? ಯಾರ್ ಹೇಳಿದ್ದು ಮುರಿಗೆಪ್ಪಣ್ಣ? ಮೇಸ್ತ್ರಿ ಮೂರನೇ ಪ್ಲೇಟ್ ತಂದು ಮೇಲಿಟ್ರೆ ಗಡಗಡ ಅಂತ ಅಲ್ಲಾಡ್ಲಿಲ್ವಾ? ಇಡೀ ಶಾಪ್ ನೋಡ್ತಿತ್ತು. ಆಮೇಲೆ ಒಂದೂವರೆ ತಿಂಗಳು ಮತ್ತೆ ಕೆರೆದ್ರಲ್ಲ ನೀವಿಬ್ರೂ. ನಿಮಗೆ ನೀಲಿ ಡಬ್ಬಿ ಕೊಟ್ಟು ಕೊಟ್ಟು ನನ್ ಸೀರೆ ಸೆರಗೆಲ್ಲಾ ನೀಲಿ.”

ನಾನು ಅಲ್ಲೇ ನಿಂತುಬಿಟ್ಟೆ. ಅವರು ಹೇಳಿದ ಮೇಲೆ ಒಂದೊಂದಾಗಿ ಬಂತು. ಅವಸರಕ್ಕೆ ನಾವು ಮೂರನೆಯದರ ಸರದಿ ಬಿಟ್ಟಿದ್ದೆವು. ಒಂದು, ಎರಡನ್ನೇ ಒಂದಕ್ಕೊಂದು ಉಜ್ಜುತ್ತಾ ಹೋಗಿದ್ದೆವು. ಒಂದು ನಡುವೆ ಉಬ್ಬಿತ್ತು, ಇನ್ನೊಂದು ಅಷ್ಟೇ ತಗ್ಗಿತ್ತು. ಅದಕ್ಕೇ ಅಷ್ಟು ಚೆನ್ನಾಗಿ ಕೂತು, ಅಷ್ಟು ಚೆನ್ನಾಗಿ ತೇಲಿದ್ದು. ಎರಡೂ ಸೊಟ್ಟ, ಆದರೆ ಒಂದನ್ನೊಂದು ಕೇಳಿದರೆ ಎರಡೂ ‘ಸರಿ’ ಎನ್ನುತ್ತಿದ್ದವು. ಇಷ್ಟು ವರ್ಷ ಎಲ್ಲರಿಗೂ ಆ ಕತೆ ಹೇಳುತ್ತಾ ಹೇಳುತ್ತಾ, ಅಲ್ಲಾಡಿದ್ದನ್ನು ನಾನು ಪೂರ್ತಿ ಕೆರೆದು ಹಾಕಿದ್ದೇನೆ. ಒಂದು ಸುಳ್ಳು ಬೇಕೆಂದು ಸೇರಿಸಿದೆ, ಇನ್ನೊಂದು ಸುಳ್ಳು ನನಗೇ ಗೊತ್ತಿಲ್ಲದೆ ಅದರ ಪಕ್ಕದಲ್ಲೇ ಕೂತಿತ್ತು. ಸರದಿ ತಪ್ಪಿದ್ದು ಇದೇ ಮೊದಲು ಎಂದು ನಿನಗೆ ಬರೆದೆನಲ್ಲ, ಅದೂ ಸುಳ್ಳಾಯಿತು. ಆದರೆ ಅಂದು ಅವಸರಕ್ಕೆ ಬಿಟ್ಟೆವು, ಈಗ ನಿಧಾನವಾಗಿ ಮಾಡಿದರೂ ಬಿಟ್ಟುಹೋಗುತ್ತದೆ. ಎರಡಕ್ಕೂ ವ್ಯತ್ಯಾಸವಿದೆ.

ನೀನು ಒಂದು ಮಾತು ನಿಜ ಹೇಳಿದ್ದರೆ ಸಾಕಿತ್ತು.

ಮುರಿಗೆಪ್ಪ

*

ಹೂಡಿ
2 ಸೆಪ್ಟೆಂಬರ್ 2024

ಮುರಿಗೆಪ್ಪ,

ಕಾಗದ ಬಂತು. ತಪ್ಪಾಯಿತು. ಮತ್ತೆ ಬರೆಯುತ್ತೇನೆ.

ನಾಣಿ

*

ಹೂಡಿ
11 ನವೆಂಬರ್ 2024

ಮುರಿಗೆಪ್ಪ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಹೇಗೆ ಬಂದರೂ ಪೋಸ್ಟ್ ಮಾಡುತ್ತೇನೆ.

ನಾನು ನಿನ್ನನ್ನು ರಮಿಸಲಿಲ್ಲ. ಅಷ್ಟು ಒಳ್ಳೆಯವನಲ್ಲ ನಾನು. ಜುಲೈ ಒಂದನೇ ತಾರೀಖಿನಿಂದ ಹಾಳೆ ಮುಂದಿಟ್ಟುಕೊಂಡು ಕೂತೆ. ಏನೂ ಬರಲಿಲ್ಲ. ಮಾಸ್ಟರ್ ಪ್ಲೇಟು ಎಂಬ ಹೆಸರು ಇತ್ತು, ದಿನ ಇರಲಿಲ್ಲ. ಮರೆತದ್ದು ನಾಲಿಗೆಯ ತುದಿಯಲ್ಲಿರುತ್ತದೆ ಅನ್ನುತ್ತಾರಲ್ಲ, ಹಾಗಲ್ಲ. ಆ ಜಾಗದಲ್ಲಿ ಏನಾದರೂ ಇತ್ತೆಂಬ ಗುರುತೂ ಇರಲಿಲ್ಲ. ಹತ್ತು ದಾಟಿತು. ನಿನ್ನ ಕಾಗದ ಬಂತು. ಬೇರೆ ಯಾರದೋ ಕತೆ ಓದಿದ ಹಾಗಾಯಿತು. ನೋಡಿಕೊಂಡು ಬರೆದೆ, ಹಿಂದಿನ ತಾರೀಖು ಹಾಕಿದೆ. ಚೆಂಡುಹೂವು ಮಾತ್ರ ನನ್ನ ಸ್ವಂತದ್ದು, ಅಷ್ಟು ಕಲೆ ಇನ್ನೂ ಉಳಿದಿದೆ.

ಇದು ಮೂರು ವರ್ಷದಿಂದ ಇದೆ. ನಿನ್ನ ಮೊದಲ ಕಾಗದ ಬಂದಾಗ ನನ್ನ ವಿಷಯವನ್ನೇ ಯಾರೋ ಬರೆದು ಕಳಿಸಿದ ಹಾಗಿತ್ತು. ಅದಕ್ಕೇ ಅಷ್ಟು ತಮಾಷೆ ಮಾಡಿದೆ. ನಿನ್ನದು ವಯಸ್ಸಿನ ಮರೆವಾದರೆ ನನ್ನದೂ ಅಷ್ಟೇ ಆಗಲಿ ಎಂಬ ಆಸೆ.

ಯಾರಿಗೂ ಗೊತ್ತಾಗಿಲ್ಲ, ಯಾಕೆ ಗೊತ್ತೇ? ನನ್ನ ಕಿವಿ. ಯಾರಾದರೂ ಕೇಳಿದ್ದು ನೆನಪಾಗದಿದ್ದರೆ ಕಿವಿ ತೋರಿಸಿ ‘ಆಂ?’ ಎಂದುಬಿಡುತ್ತೇನೆ. ಕಿವುಡ ಎಂದರೆ ಎಲ್ಲರೂ ಒಪ್ಪುತ್ತಾರೆ, ಜೋರಾಗಿ ಇನ್ನೊಮ್ಮೆ ಹೇಳುತ್ತಾರೆ, ಅಷ್ಟರಲ್ಲಿ ಏನಾದರೂ ಹೊಳೆಯುತ್ತದೆ. ಹೋದ ವರ್ಷ ನಿವೃತ್ತರ ಸಂಘದಲ್ಲಿ ಮುನಿಕೃಷ್ಣಪ್ಪನವರ ಬಗ್ಗೆ ಎರಡು ಮಾತಾಡಿ ಎಂದು ಎಬ್ಬಿಸಿದರಲ್ಲ? ಎದ್ದು ನಿಂತೆ, ಒಂದು ಮಾತೂ ಇರಲಿಲ್ಲ. ಮೈಕು ತೋರಿಸಿದೆ, ಕಿವಿ ತೋರಿಸಿದೆ, ಕೂತೆ. ನೀನೇ ಚಪ್ಪಾಳೆ ತಟ್ಟಿದೆ. ಮಿಷನ್ ಹಾಕಿಸಿಕೊಂಡರೆ ಈ ನೆಪವೂ ಹೋಗುತ್ತದೆಂದೇ ಮಗಳ ಹತ್ತಿರ ಜಗಳವಾಡುತ್ತಿದ್ದೆ.

ನಿನಗೆ ಭಯವಾಯಿತು, ನೀನು ಡಾಕ್ಟರ್ ಹತ್ತಿರ ಹೋದೆ, ಹೆಂಡತಿಗೆ ಹೇಳಿದೆ, ನನಗೆ ಬರೆದೆ. ನನಗೆ ಭಯವಾಯಿತು, ನಾನು ಅಡಗಿ ಕೂತೆ. ನಾಚಿಕೆಯಾಗುತ್ತದೆ ಕಣೋ.

ಈ ಎರಡು ತಿಂಗಳು ದಿನಾ ಬೆಳಿಗ್ಗೆ ಆ ದಿನವನ್ನು ಹುಡುಕಿದೆ. ನಿನ್ನ ಕಾಗದಗಳನ್ನು ಮಗಳ ಕೈಗೆ ಕೊಟ್ಟು, ನನಗೆ ತೋರಿಸಬೇಡ ಎಂದೆ. ಪ್ಲೇಟು ತೇಲಿದ್ದು ನನಗೆ ನೆನಪಿಲ್ಲ. ಅಲ್ಲಾಡಿದ್ದೂ ನೆನಪಿಲ್ಲ. ಒಂದೇ ಒಂದು ಬಂತು. ಅದು ಆ ದಿನದ್ದೋ ಬೇರೆಯದೋ ಗೊತ್ತಿಲ್ಲ, ಹಾಗೇ ಬರೆಯುತ್ತೇನೆ, ಒಂದು ಹೂವನ್ನೂ ಸೇರಿಸುವುದಿಲ್ಲ.

ಸ್ಟೋರಿನ ಹಿಂದೆ ಎಣ್ಣೆ ಡ್ರಮ್ಮಿನ ಮೇಲೆ ನೀನು ಕೂತಿದ್ದೀಯ. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಿದ್ದೀಯ. ಕೈ ತೆಗೆದರೆ ಮುಖವೆಲ್ಲ ನೀಲಿ, ಕಣ್ಣೀರು ಇಳಿದ ಕಡೆ ಮಾತ್ರ ಎರಡು ಗೆರೆ. ನಾನು ಕಾಟನ್ ವೇಸ್ಟಿನಿಂದ ಒರೆಸುತ್ತಿದ್ದೇನೆ, ಒರೆಸಿದಷ್ಟೂ ಹರಡುತ್ತಿದೆ. ಮುನಿಕೃಷ್ಣಪ್ಪ ಬಂದು ನಿಂತಿದ್ದಾರೆ. ಬೈಯುತ್ತಿಲ್ಲ. “ಅಳೋದು ಮುಗೀಲಿ, ಆಮೇಲೆ ಬನ್ರೋ” ಎನ್ನುತ್ತಿದ್ದಾರೆ.

ಇಷ್ಟೇ ಇರುವುದು. ಇದೂ ಸುಳ್ಳಾಗಿದ್ದರೆ ಹೇಳಿಬಿಡು. ಮುಂದಿನ ವಾರ ಗುರುವಾರ ಹತ್ತು ಗಂಟೆಗೆ ನಿನ್ನ ಡಾಕ್ಟರಮ್ಮನ ಹತ್ತಿರ ಸಮಯ ತೆಗೆದುಕೊಂಡಿದ್ದಾಳೆ ಮಗಳು. ಅವಳಿಗೆ ಎಲ್ಲ ಹೇಳಿದೆ. ವತ್ಸಲಾ ಎರಡು ದಿನ ಮಾತಾಡಲಿಲ್ಲ, ಈಗ ಆಡುತ್ತಿದ್ದಾಳೆ.

ನಾಣಿ

*

ಟಿ. ದಾಸರಹಳ್ಳಿ
16 ನವೆಂಬರ್ 2024

ಪ್ರೀತಿಯ ನಾಣಿ,

ನಿನ್ನ ಕಾಗದ ಓದಿ ಮುಗಿಸಿ ಚಪ್ಪಲಿ ಮೆಟ್ಟಿಕೊಂಡು ಸೀದಾ ಬಾಗಲಗುಂಟೆಗೆ ಹೋದೆ. ಈ ಸಲ ಯಾವ ಸುಳಿವನ್ನೂ ಕೊಡಲಿಲ್ಲ. “ಮರಿಯಮ್ಮ, ಪ್ಲೇಟು ಅಲ್ಲಾಡಿದ ಮೇಲೆ ನಾನು ಏನು ಮಾಡಿದೆ?” ಎಂದಷ್ಟೇ ಕೇಳಿದೆ.

ಅವರು ನನ್ನನ್ನು ಒಳಗೆ ಕರೆದು ಕೂರಿಸಿದರು. “ಹೇಳ್ಬಾರ್ದು ಅಂತಿದ್ದೆ, ಮಾರ್ಕೆಟ್ಟಲ್ಲಿ ಬೇರೆ ಜನ ಇದ್ರು. ಸ್ಟೋರ್ ಹಿಂದೆ ಕೂತ್ಕೊಂಡು ಅತ್ರಿ ಮುರಿಗೆಪ್ಪಣ್ಣ. ನೀಲಿ ಕೈಲೇ ಮುಖ ಒರೆಸ್ಕೊಂಡು, ಒಳ್ಳೆ ಕೃಷ್ಣನ ಪಾರ್ಟ್ ಥರ ಆಗಿದ್ರಿ. ನಾಣಿ ಓಡ್ ಬಂದು ಕಿಟಕೀಲಿ ಕೈ ಹಾಕಿ ಕಾಟನ್ ವೇಸ್ಟ್ ಇಸ್ಕೊಂಡು ಹೋದ್ರು. ಚೀಟಿ ಕೊಡಿ ಅಂದ್ರೂ ಕೊಡ್ಲಿಲ್ಲ” ಎಂದರು.

ನಾಣಿ, ನನಗೆ ಅದು ನೆನಪಿಲ್ಲ. ಈಗಲೂ ಇಲ್ಲ. ನೀವಿಬ್ಬರೂ ಹೇಳಿದ ಮೇಲೂ ಬರುತ್ತಿಲ್ಲ. ಆದರೆ ನಡೆದದ್ದು ನಿಜ. ನಾನು ಕಳೆದುಕೊಂಡ ನನ್ನ ಅಳುವನ್ನು ನೀನು ಮೂವತ್ತೆಂಟು ವರ್ಷ ಇಟ್ಟುಕೊಂಡಿದ್ದೀಯ. ಬೇರೆಲ್ಲ ಹೋದರೂ ಅದನ್ನು ಬಿಟ್ಟಿಲ್ಲ. ನನ್ನ ಕತೆಗೆ ಬಣ್ಣ ಇತ್ತು, ಮಾತಿತ್ತು, ತಾರೀಖಿತ್ತು, ಅದು ಸೊಟ್ಟ. ನಿನ್ನದು ನಾಲ್ಕು ಸಾಲು, ಅದು ನೆಟ್ಟಗಿದೆ. ಬಾಗಲಗುಂಟೆಯಿಂದ ನಡೆದೇ ಬಂದೆ. ದಾರಿಯಲ್ಲಿ ಎರಡು ಕಡೆ ನಿಲ್ಲಬೇಕಾಯಿತು. ಮನುಷ್ಯನ ತಲೆ ಯಾವುದನ್ನು ಬಿಡುತ್ತದೆ, ಯಾವುದನ್ನು ಹಿಡಿದುಕೊಳ್ಳುತ್ತದೆ, ಯಾರದ್ದನ್ನು ಯಾರ ಹತ್ತಿರ ಇಟ್ಟಿರುತ್ತದೆ! ನನಗೆ ಬೆರಗು ಇನ್ನೂ ಇಳಿದಿಲ್ಲ.

ನಿನ್ನ ಮೇಲಿನ ಸಿಟ್ಟು ಹೋಯಿತು. ಅಂಥ ಕಾಗದವನ್ನು ನಾನು ಬರೆಯಲಾರೆ.

ಋಷಿಕೇಶ್‌ಗೆ ಹೇಳಿದೆ, ಇನ್ನು ನಾನೊಬ್ಬನೇ ಸಹಿ ಹಾಕುವುದಿಲ್ಲ, ನನ್ನ ಜೊತೆ ಇನ್ನೊಬ್ಬರು ನೋಡಿ ಹಾಕಬೇಕು ಎಂದು. ಈ ಸಲ ಅವನು ನಗಲಿಲ್ಲ.

ಗುರುವಾರ ಒಂಬತ್ತೂವರೆಗೆ ಕ್ಲಿನಿಕ್ಕಿನ ಬಾಗಿಲಲ್ಲಿ ಇರುತ್ತೇನೆ. ಮಗಳು ಬರಲಿ, ವತ್ಸಲಾ ಅವರೂ ಬರಲಿ. ಒಳಗೆ ಡಾಕ್ಟರಮ್ಮ “ಯಾವಾಗಿನಿಂದ ಹೀಗಾಗ್ತಿದೆ?” ಎಂದು ಕೇಳುತ್ತಾರೆ. ಅವರು ಎರಡು ಸಲ ಕೇಳಬೇಕಾದರೂ ಸರಿ, ಮೂರು ಸಲ ಕೇಳಬೇಕಾದರೂ ಸರಿ, ಆದರೆ ನೀನೇ ಹೇಳು. ನಮ್ಮಲ್ಲಿ ಯಾರೂ ನಡುವೆ ಬಾಯಿ ಹಾಕುವುದಿಲ್ಲ, ‘ವಯಸ್ಸಾಯಿತು’ ಅನ್ನುವುದಿಲ್ಲ. ನೀನು ಹೇಳಿದ್ದನ್ನು ನಾನು ನಂಬುತ್ತೇನೆ.

ನಿನ್ನ
ಮುರಿಗೆಪ್ಪ